ಕುಳಿತಾಗ 95, ಮೆಟ್ಟಿಲೇರಿದಾಗ ಎಷ್ಟು?

ಗಜೇಂದ್ರಗಡದ ಕಾಲಕಾಲೇಶ್ವರನ ದರ್ಶನ ಆಗಬೇಕೆಂದರೆ ಗುಡ್ಡದ ಮೆಟ್ಟಿಲು ಹತ್ತಲೇಬೇಕು. ಪುರ್ತಗೇರಿಯಂಥ ಸುತ್ತಲಿನ ಊರುಗಳಿಂದ ಬರುವ ಹಿರಿಯರಲ್ಲಿ ಕೆಲವರು ಅರ್ಧ ದಾರಿಗೇ ನಿಂತು, ಮೊಣಕಾಲಿಗೆ ಕೈಯೂರಿ ತೇಕುತ್ತಾರೆ. “ವಯಸ್ಸಾತು, ದಮ್ಮು ಹತ್ತತೈತಿ” ಎಂದು ಮನೆಯವರೂ ಸುಮ್ಮನಾಗುತ್ತಾರೆ.

ಅದು ಬರೀ ವಯಸ್ಸಿನ ದಮ್ಮು ಆಗಿರಲಿಕ್ಕಿಲ್ಲ. ಶ್ವಾಸನಾಳಗಳು ಕಿರಿದಾಗುತ್ತ ಹೋಗುವ ಸಿಒಪಿಡಿ ಎಂಬ ಕಾಯಿಲೆ ಇದ್ದವರ ಬೆರಳಿಗೆ ರಕ್ತದ ಆಮ್ಲಜನಕದ ಶೇಕಡಾವಾರು ಪ್ರಮಾಣ ತೋರಿಸುವ ಆಕ್ಸಿಮೀಟರ್ ಸಿಕ್ಕಿಸಿದರೆ, ಕುಳಿತಾಗ 95 ತೋರಿಸಿದ್ದು ನಾಲ್ಕಾರು ನಿಮಿಷ ನಡೆದ ಮೇಲೆ 86ಕ್ಕೆ ಇಳಿಯುವುದುಂಟು.

ಹೀಗೇಕೆ? ವಿಶ್ರಾಂತಿಯಲ್ಲಿರುವಾಗ ಕೆಂಪು ರಕ್ತಕಣವೊಂದು ಶ್ವಾಸಕೋಶದ ಗಾಳಿಚೀಲದ ಗೋಡೆ ಸವರಿ ಹೋಗಲು ಸುಮಾರು ಮುಕ್ಕಾಲು ಸೆಕೆಂಡ್ ಬೇಕು. ಆರೋಗ್ಯವಂತರಲ್ಲಿ ಅದರ ಮೂರನೇ ಒಂದು ಪಾಲು ಹೊತ್ತಿನಲ್ಲೇ ಕಣಕ್ಕೆ ಆಮ್ಲಜನಕ ತುಂಬಿರುತ್ತದೆ. ದುಡಿಮೆ ಜೋರಾದಾಗ ರಕ್ತದ ಓಟವೂ ಜೋರಾಗಿ, ಆ ಸಮಯ ಕಾಲು ಸೆಕೆಂಡಿನ ಹತ್ತಿರಕ್ಕೆ ಬರುತ್ತದೆ, ಆದರೂ ಸಾಲುತ್ತದೆ. ಸಿಒಪಿಡಿಯಿಂದ ಗಾಳಿಚೀಲಗಳ ಗೋಡೆ ಹರಿದುಹೋದವರಲ್ಲಿ ಸಾಲುವುದಿಲ್ಲ. ಕಣಗಳು ಅರೆಹೊಟ್ಟೆಯಲ್ಲೇ ಮುಂದೆ ಸಾಗುತ್ತವೆ.

ಬೀಡಿ ಸಿಗರೇಟು ಮಾತ್ರ ಈ ಕಾಯಿಲೆಗೆ ಕಾರಣವಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಒಲೆಯ ಹೊಗೆಗೂ ಒಂದು ಲೆಕ್ಕ ಹಾಕಿತು. ದಿನಕ್ಕೆ ಒಲೆಯ ಮುಂದೆ ಕೂತ ಗಂಟೆಗಳನ್ನು ವರ್ಷಗಳಿಂದ ಗುಣಿಸಬೇಕು. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ತಾಸಿನಂತೆ ಇಪ್ಪತ್ತು ವರ್ಷ ರೊಟ್ಟಿ ಬಡಿದವಳು ಆ ಗೆರೆಗೆ ಬಂದು ನಿಂತಿರುತ್ತಾಳೆ.

ನಡು ಹರೆಯ ದಾಟಿದ ಮೇಲೆ, ಒಂದು ಸೆಕೆಂಡಿನಲ್ಲಿ ಜೋರಾಗಿ ಊದಿ ಬಿಡಬಲ್ಲ ಗಾಳಿ ಎಲ್ಲರಲ್ಲೂ ವರ್ಷಕ್ಕೆ 20–30 ಮಿಲಿಲೀಟರ್‌ನಷ್ಟು ತಗ್ಗುತ್ತದೆ. ಸಿಒಪಿಡಿ ಇದ್ದ ಹಲವರಲ್ಲಿ ಈ ಇಳಿತ ಇನ್ನೂ ವೇಗದ್ದು. ನಡೆದಾಗ ಆಮ್ಲಜನಕ ಕುಸಿಯುವವರಲ್ಲಿ ಇಳಿತ ಮತ್ತಷ್ಟು ಚುರುಕೆಂದು ಕೆಲವು ಅಧ್ಯಯನಗಳು ಕಂಡುಕೊಂಡಿವೆ. ಧೂಮಪಾನ ಬಿಟ್ಟರೆ ಆ ವೇಗ ತಗ್ಗುತ್ತದೆಂದು ಬ್ರಿಟನ್ನಿನ ಸಂಶೋಧಕರಾದ ಫ್ಲೆಚರ್ ಮತ್ತು ಪೀಟೋ 1977ರಲ್ಲೇ ತೋರಿಸಿದ್ದರು.

ಪತ್ತೆಗೆ ದುಬಾರಿ ಯಂತ್ರವೇನೂ ಬೇಡ. ಊದಿಸಿ ಅಳೆಯುವ ಸ್ಪೈರೋಮೆಟ್ರಿ, ಜೊತೆಗೆ 30 ಮೀಟರ್ ಮೊಗಸಾಲೆಯಲ್ಲಿ ಆರು ನಿಮಿಷದ ನಡಿಗೆ, ಬೆರಳಿಗೆ ಆಕ್ಸಿಮೀಟರ್. ಅಂಕಿ ನಾಲ್ಕು ಅಥವಾ ಹೆಚ್ಚು ಇಳಿದು 90ಕ್ಕಿಂತ ಕೆಳಗೆ ಹೋದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಹಾಗೆಂದು ಎಲ್ಲರೂ ಸಿಲಿಂಡರ್ ತರಿಸಬೇಕಿಲ್ಲ. ಕುಳಿತಾಗಲೇ ಆಮ್ಲಜನಕ ತೀರ ಕಡಿಮೆ ಇರುವವರಿಗೆ ದಿನಕ್ಕೆ 15 ತಾಸಿಗೂ ಹೆಚ್ಚು ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ. ಆದರೆ 738 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಕೊರತೆ ಸಾಧಾರಣವಾಗಿದ್ದವರಿಗೂ ನಡೆದಾಗ ಮಾತ್ರ ಕುಸಿಯುವವರಿಗೂ ಅದರಿಂದ ಅಂಥ ಲಾಭವಾಗಲಿಲ್ಲ. ಇಂಥವರಿಗೆ ನೆರವಾಗುವುದು ಇನ್‌ಹೇಲರ್, ಹೊಗೆಯಿಂದ ದೂರ, ವೈದ್ಯರ ಕಣ್ಗಾವಲಿನ ವ್ಯಾಯಾಮ. ಮೂಗಿನಿಂದ ಉಸಿರೆಳೆದು, ಬಿಸಿ ಚಹಾ ಆರಿಸುವಂತೆ ತುಟಿ ಸುತ್ತಿ ನಿಧಾನಕ್ಕೆ ಬಿಡುವುದನ್ನು ಅಲ್ಲಿ ಮೊದಲು ಕಲಿಸುತ್ತಾರೆ. ಆ ಉಸಿರಿನ ಲಯಕ್ಕೆ ಹೊಂದಿಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತುವುದು ಮುಂದಿನ ಪಾಠ.