ಐದು ಅಂಕಕ್ಕೆ ಯಾವ ಎಲೆ?

ರೋಲೆಂಡ್ ಬ್ಯಾಂಕ್ಸ್ ಎಂಬ ಸರ್ಕಾರಿ ಪತ್ತೇದಾರನ ಬಳಿ ಐದು ಅನುಭವ ಅಂಕಗಳಿವೆ. ಕಥೆಯ ಮೊದಲ ಅಧ್ಯಾಯ ಮುಗಿದಿದೆ, ಎರಡನೆಯದು ಶುರುವಾಗಬೇಕು. ಡೆಕ್ ಸುಧಾರಿಸಿಕೊಳ್ಳಲು ಸಿಗುವುದು ನಡುವಿನ ಈ ಬಿಡುವು ಮಾತ್ರ. ಐದೂ ಅಂಕ ಸುರಿದು ‘ಲೈಟ್ನಿಂಗ್ ಗನ್’ ಎಂಬ ಒಂದೇ ಒಂದು ಭಾರೀ ಆಯುಧವನ್ನು ಕೊಳ್ಳಬಹುದು. ಇಲ್ಲವೇ ಡೆಕ್‌ನಲ್ಲಿ ಈಗಾಗಲೇ ಇರುವ ಎರಡು ‘ಬೀಟ್ ಕಾಪ್’ ಎಂಬ ಪೊಲೀಸ್ ಸಹಚರನ ಕಾರ್ಡುಗಳನ್ನು ತಲಾ ಎರಡು ಅಂಕ ಕೊಟ್ಟು ಮೇಲಿನ ದರ್ಜೆಗೆ ಏರಿಸಿ, ಉಳಿದ ಒಂದು ಅಂಕಕ್ಕೆ ‘ಎಕ್ಸ್‌ಟ್ರಾ ಅಮ್ಯುನಿಷನ್’ ತರಬಹುದು. ಹೊಸಬರ ಕೈ ಬಹುಪಾಲು ಲೈಟ್ನಿಂಗ್ ಗನ್‌ನ ಕಡೆಗೇ ಹೋಗುತ್ತದೆ. ಜೊತೆಗೆ ಇನ್ನೊಬ್ಬ ಆಟಗಾರರಿದ್ದರೆ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಎಂದು ಹೇಳಹೊರಟರೆ, ಸಹಕಾರದ ಆಟದಲ್ಲಿ ಕಾರ್ಡೊಂದರ ಬೆಲೆ ಹೇಗೆ ಕಟ್ಟಬೇಕು ಎಂಬ ಪ್ರಶ್ನೆಯನ್ನೇ ಬಿಡಿಸಬೇಕಾಗುತ್ತದೆ.

ಆಟದ ಹೆಸರು ‘ಆರ್ಕಂ ಹಾರರ್: ದ ಕಾರ್ಡ್ ಗೇಮ್’. ನೇಟ್ ಫ್ರೆಂಚ್ ಮತ್ತು ಎಂ.ಜೆ. ನ್ಯೂಮನ್ ರೂಪಿಸಿದ ಇದನ್ನು ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಸಂಸ್ಥೆ 2016ರಲ್ಲಿ ಹೊರತಂದಿತು. ಕಥೆ ನಡೆಯುವುದು 1920ರ ದಶಕದಲ್ಲಿ, ಮ್ಯಾಸಚೂಸೆಟ್ಸ್‌ನ ಆರ್ಕಂ ಎಂಬ ಕಾಲ್ಪನಿಕ ಪಟ್ಟಣದಲ್ಲಿ. ಭಯಾನಕ ಕಥೆಗಳ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ (1890–1937) ಕಟ್ಟಿದ ಊರು ಅದು. ಲವ್‌ಕ್ರಾಫ್ಟ್‌ನ ಬರಹದಲ್ಲಿರುವ ಜನಾಂಗದ್ವೇಷವನ್ನು ಇಂದಿನ ಓದುಗರು ಮುಚ್ಚಿಡಬೇಕಿಲ್ಲ. ಅವನ ಲೋಕದಿಂದ ಈ ಆಟ ತೆಗೆದುಕೊಂಡಿರುವ ಮುಖ್ಯ ಸಂಗತಿ, ಮನುಷ್ಯ ಎಷ್ಟು ಸಣ್ಣವನು ಎಂಬ ಭಯ. ಇಲ್ಲಿ ಆಟಗಾರರ ನಡುವೆ ಪೈಪೋಟಿ ಇಲ್ಲ. ಒಬ್ಬರಿಂದ ನಾಲ್ವರವರೆಗೆ ಕೂತು, ಆಟವೇ ಒಡ್ಡುವ ಕಂಟಕಗಳ ವಿರುದ್ಧ ಒಟ್ಟಾಗಿ ಆಡುತ್ತಾರೆ. ಗೆದ್ದರೆ ಎಲ್ಲರಿಗೂ ಗೆಲುವು, ಸೋತರೆ ಎಲ್ಲರಿಗೂ ಸೋಲು.

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಬಂದ ಮೇಲೆ, ತನ್ನ ಡೆಕ್ ತಾನೇ ಕಟ್ಟಿ ಆಡುವ ರೂಢಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಅದು ಎದುರಾಳಿಯನ್ನು ಮಣಿಸುವ ಆಟ. ಜೊತೆಗೆ, ಪೊಟ್ಟಣ ಒಡೆದಾಗ ಯಾವ ಕಾರ್ಡು ಸಿಗುತ್ತದೋ ಅದು ಅದೃಷ್ಟಕ್ಕೆ ಬಿಟ್ಟದ್ದು. ಆರ್ಕಂನಲ್ಲಿ ಪೆಟ್ಟಿಗೆಯೊಳಗೆ ಏನಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಅಪರೂಪದ ಕಾರ್ಡು ಎಂಬುದೇ ಇಲ್ಲ. ಹೀಗಾಗಿ ಡೆಕ್ ಕಟ್ಟುವ ಜಾಣ್ಮೆ ಪೂರ್ತಿಯಾಗಿ ಆಯ್ಕೆಯ ಜಾಣ್ಮೆ.

ಹೆಚ್ಚಿನ ಪಾತ್ರಗಳ ಡೆಕ್‌ನಲ್ಲಿ ನಾವು ಆರಿಸಿದ ಮೂವತ್ತು ಕಾರ್ಡು ಇರುತ್ತವೆ. ಒಂದೇ ಹೆಸರಿನವು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಅದರ ಮೇಲೆ ಪಾತ್ರಕ್ಕೇ ಮೀಸಲಾದ ಒಂದು ಕಾರ್ಡು, ಅದಕ್ಕೇ ಅಂಟಿದ ಒಂದು ದೌರ್ಬಲ್ಯ, ಮತ್ತೆ ಕಣ್ಣುಮುಚ್ಚಿ ಎತ್ತಿದ ಇನ್ನೊಂದು ದೌರ್ಬಲ್ಯ. ಕಾರ್ಡುಗಳ ದರ್ಜೆ ಸೊನ್ನೆಯಿಂದ ಐದರವರೆಗೆ. ಆರಂಭದಲ್ಲಿ ಎಲ್ಲವೂ ಸೊನ್ನೆ ದರ್ಜೆಯವು. ಅಧ್ಯಾಯ ಮುಗಿದಾಗ ಗಳಿಸಿದ ಅಂಕದಿಂದ ಮೇಲಿನ ದರ್ಜೆಯವನ್ನು ಕೊಳ್ಳಬಹುದು. ಅದೇ ಹೆಸರಿನ ಹಳೆಯ ಕಾರ್ಡು ಡೆಕ್‌ನಲ್ಲಿದ್ದರೆ ವ್ಯತ್ಯಾಸವನ್ನಷ್ಟೇ ಕೊಟ್ಟರೆ ಸಾಕು.

ಚೀಲದೊಳಗಿನ ಹದಿನಾರು ಬಿಲ್ಲೆ

ಈ ಆಟದಲ್ಲಿ ದಾಳ ಇಲ್ಲ. ‘ಕೇಯಾಸ್ ಬ್ಯಾಗ್’ ಎಂಬ ಚೀಲವೊಂದಿದೆ. ಸುಳಿವು ಹುಡುಕುವುದಿರಲಿ, ಶತ್ರುವಿಗೆ ಹೊಡೆಯುವುದಿರಲಿ, ಕೈಹಾಕಿ ಒಂದು ಬಿಲ್ಲೆ ಎತ್ತಬೇಕು. ನಮ್ಮ ಶಕ್ತಿಗೆ ಆ ಬಿಲ್ಲೆಯ ಸಂಖ್ಯೆ ಸೇರಿಸಿದಾಗ ಪರೀಕ್ಷೆಯ ಮಟ್ಟ ಮುಟ್ಟಿದರೆ ಪಾಸು. ಮೂಲ ಪೆಟ್ಟಿಗೆಯ ಕಥೆಯನ್ನು ಸಾಧಾರಣ ಮಟ್ಟದಲ್ಲಿ ಆಡುವಾಗ ಚೀಲದಲ್ಲಿ ಹದಿನಾರು ಬಿಲ್ಲೆ: +1 ಒಂದು, 0 ಎರಡು, −1 ಮೂರು, −2 ಎರಡು, −3 ಒಂದು, −4 ಒಂದು, ತಲೆಬುರುಡೆ ಎರಡು, ಕಲ್ಟಿಸ್ಟ್ ಒಂದು, ಕಲ್ಲುಫಲಕ ಒಂದು, ಏನಿದ್ದರೂ ಫೇಲು ಮಾಡುವ ಬಿಲ್ಲೆ ಒಂದು, ಪಾತ್ರಕ್ಕೆ ಒಲಿಯುವ ಎಲ್ಡರ್ ಸೈನ್ ಒಂದು.

ಮೊದಲ ಅಧ್ಯಾಯದಲ್ಲಿ ನಮ್ಮ ಜಾಗದಲ್ಲಿ ಒಂದು ಘೂಲ್ ಪಿಶಾಚಿ ಇದೆ, ರೋಲೆಂಡ್ ಅದಕ್ಕೆ ಹೊಡೆಯುತ್ತಿದ್ದಾನೆ ಎಂದುಕೊಳ್ಳಿ. ಆಗ ತಲೆಬುರುಡೆ ಎಂದರೆ −1, ಕಲ್ಟಿಸ್ಟ್ ಎಂದರೆ −1, ಫಲಕ ಎಂದರೆ −2. ರೋಲೆಂಡನ ಶಕ್ತಿ ಶತ್ರುವಿನದಕ್ಕೆ ಸಮವಾಗಿದ್ದರೆ ಹದಿನಾರರಲ್ಲಿ ನಾಲ್ಕು ಬಿಲ್ಲೆ ಮಾತ್ರ ಅವನ ಪರ, ಅಂದರೆ ಶೇ 25. ಒಂದು ಹೆಚ್ಚಿದ್ದರೆ ಹತ್ತು ಬಿಲ್ಲೆ, ಶೇ 62.5. ಎರಡು ಹೆಚ್ಚಿದ್ದರೆ ಹದಿಮೂರು, ಶೇ 81ಕ್ಕೆ ಸ್ವಲ್ಪ ಮೇಲೆ. ಮೂರಕ್ಕೆ ಹದಿನಾಲ್ಕು, ನಾಲ್ಕಕ್ಕೆ ಹದಿನೈದು. ಅಲ್ಲಿಗೆ ಮುಗಿಯಿತು. ಐದು ಹೆಚ್ಚಿದ್ದರೂ ಹದಿನೈದೇ, ಯಾಕೆಂದರೆ ಫೇಲಿನ ಬಿಲ್ಲೆಯನ್ನು ಯಾವ ಶಕ್ತಿಯೂ ದಾಟಲಾರದು.

ಮೊದಲ +1 ಸಾಧ್ಯತೆಯನ್ನು ಶೇ 37.5ರಷ್ಟು ಮೇಲೆತ್ತಿತು, ಎರಡನೆಯದು ಅದರ ಅರ್ಧ. ಮೂರನೆಯದೂ ನಾಲ್ಕನೆಯದೂ ಕೊಟ್ಟದ್ದು ಒಂದೊಂದೇ ಬಿಲ್ಲೆ. ಮುಂದಿನ ಅಧ್ಯಾಯಗಳಲ್ಲಿ ಚಿಹ್ನೆಗಳ ಅರ್ಥ ಬದಲಾದರೂ ಏರಿಕೆ ಹೀಗೆ ಕುಗ್ಗುತ್ತ ಹೋಗುವುದು ಹೆಚ್ಚುಕಡಿಮೆ ಉಳಿಯುತ್ತದೆ. ‘ಈ ಕಾರ್ಡು ಎಷ್ಟು ಶಕ್ತಿ ಕೊಡುತ್ತದೆ’ ಎಂಬ ಪ್ರಶ್ನೆ ಅದಕ್ಕೇ ಅರ್ಧ ಪ್ರಶ್ನೆ. ನಾನು ಈಗ ಎಲ್ಲಿ ನಿಂತಿದ್ದೇನೆ, ಇದು ನನ್ನನ್ನು ಯಾವ ಬಿಲ್ಲೆ ದಾಟಿಸುತ್ತದೆ ಎಂದು ಕೇಳಬೇಕು.

ಲೈಟ್ನಿಂಗ್ ಗನ್ ಕೊಡುವುದು +5. ರೋಲೆಂಡನ ಕಾದಾಟದ ಶಕ್ತಿ 4. ಮೊದಲ ಅಧ್ಯಾಯದ ದೊಡ್ಡ ಶತ್ರು ಘೂಲ್ ಪ್ರೀಸ್ಟ್‌ನದೂ 4. ಐದು ಹೆಜ್ಜೆ ಮುಂದೆ, ಅದರಲ್ಲಿ ಒಂದು ಹೆಜ್ಜೆ ಪೂರ್ತಿ ದಂಡ, ಎರಡು ಹೆಜ್ಜೆ ಅರೆದಂಡ. ‘.45 ಆಟೊಮ್ಯಾಟಿಕ್’ ಎಂಬ ಸೊನ್ನೆ ದರ್ಜೆಯ ಪಿಸ್ತೂಲು +1, ಪಕ್ಕದಲ್ಲಿ ನಿಂತ ಬೀಟ್ ಕಾಪ್ +1. ಆ ಎರಡರಲ್ಲೇ ಹದಿಮೂರು ಬಿಲ್ಲೆ ನಮ್ಮ ಕಡೆಗೆ ಬಂದವು.

ಪೆಟ್ಟಿನ ಲೆಕ್ಕವನ್ನೂ ನೋಡೋಣ. ಲೈಟ್ನಿಂಗ್ ಗನ್‌ಗೆ ಮೂರು ಗುಂಡು, ಒಂದೊಂದಕ್ಕೆ ಮೂರು ಪೆಟ್ಟು. ಎಲ್ಲ ತಗುಲಿದರೆ ಒಂಬತ್ತು. ಪಿಸ್ತೂಲಿಗೆ ನಾಲ್ಕು ಗುಂಡು, ತಲಾ ಎರಡು ಪೆಟ್ಟು, ಒಟ್ಟು ಎಂಟು. ಎರಡನೇ ದರ್ಜೆಯ ಬೀಟ್ ಕಾಪ್ ತನ್ನ ಮೈಮೇಲೆ ಒಂದು ಗಾಯ ಎಳೆದುಕೊಂಡು ಶತ್ರುವಿಗೆ ಒಂದು ಪೆಟ್ಟು ಕೊಡುತ್ತಾನೆ. ಅವನ ಆಯುಸ್ಸು ಮೂರು, ಆದ್ದರಿಂದ ಮೂರು ಪೆಟ್ಟು. ಒಟ್ಟು ಹನ್ನೊಂದು. ಇಬ್ಬರು ಆಡುವಾಗ ಘೂಲ್ ಪ್ರೀಸ್ಟ್‌ನ ಆಯುಸ್ಸು ಹತ್ತು. ಬೀಟ್ ಕಾಪ್‌ನ ಪೆಟ್ಟಿಗೆ ಚೀಲಕ್ಕೆ ಕೈಹಾಕಬೇಕಾಗಿಯೇ ಇಲ್ಲ. ಅದು ತಪ್ಪುವುದಿಲ್ಲ.

ಪಿಸ್ತೂಲು ಮತ್ತು ಕಾಪ್ ಎರಡನ್ನೂ ಮೇಜಿಗೆ ಇಳಿಸಲು ಏಳು ರಿಸೋರ್ಸ್ (ಆಟದೊಳಗಿನ ಹಣ) ಬೇಕು, ಲೈಟ್ನಿಂಗ್ ಗನ್‌ಗೆ ಆರು ಸಾಕು ಎಂಬುದು ನಿಜ. ಆದರೆ ಆಟ ಶುರುವಾಗುವಾಗ ಕೈಯಲ್ಲಿರುವುದು ಐದೇ ರಿಸೋರ್ಸ್. ಪಿಸ್ತೂಲು ಮೊದಲ ಸುತ್ತಿನಲ್ಲೇ ಇಳಿಯುತ್ತದೆ. ಲೈಟ್ನಿಂಗ್ ಗನ್‌ಗೆ ಒಂದು ಸುತ್ತು ಸುಮ್ಮನೆ ಕಾಯಬೇಕು, ಇಲ್ಲವೇ ಒಂದು ರಿಸೋರ್ಸಿಗಾಗಿ ಒಂದು ಆಕ್ಷನ್ (ನಡೆ) ಕಳೆಯಬೇಕು. ಸುತ್ತಿಗೆ ಸಿಗುವುದು ಮೂರೇ ಆಕ್ಷನ್. ನನ್ನ ಮಟ್ಟಿಗೆ ಈ ಆಟದ ನಿಜವಾದ ನಾಣ್ಯ ಅದೇ. ಸೊನ್ನೆ ಬೆಲೆಯ ‘ಎಮರ್ಜೆನ್ಸಿ ಕ್ಯಾಶ್’ ಅಷ್ಟು ಮೆಚ್ಚುಗೆ ಪಡೆದಿರುವುದೂ ಇದಕ್ಕೇ. ಒಂದು ಆಕ್ಷನ್ ಕೊಟ್ಟರೆ ಮೂರು ರಿಸೋರ್ಸ್ ಬರುತ್ತದೆ.

ಇನ್ನು ಕಾರ್ಡು ಕೈಗೆ ಬರುವ ಮಾತು. ಆರಂಭದಲ್ಲಿ ಐದು ಎಲೆ ಎತ್ತಿ, ಬೇಡವಾದವನ್ನು ಒಮ್ಮೆ ಬದಲಿಸಿಕೊಳ್ಳಬಹುದು. ಈ ಹಂತದಲ್ಲಿ ದೌರ್ಬಲ್ಯದ ಕಾರ್ಡು ಬಂದರೆ ಬದಿಗಿಟ್ಟು ಬೇರೆ ಎತ್ತುತ್ತೇವೆ, ಆದ್ದರಿಂದ ಲೆಕ್ಕಕ್ಕೆ ಬರುವುದು ಮೂವತ್ತೊಂದು ಕಾರ್ಡು. ಒಂದೇ ಪ್ರತಿಯಿರುವ ಲೈಟ್ನಿಂಗ್ ಗನ್‌ಗಾಗಿ ಐದನ್ನೂ ಬದಲಿಸಲು ಸಿದ್ಧವಿದ್ದರೂ ಅದು ಸಿಗುವ ಸಾಧ್ಯತೆ ಸುಮಾರು ಶೇ 32. ಎರಡು ಪ್ರತಿಯಿರುವ ಬೀಟ್ ಕಾಪ್‌ಗಳಲ್ಲಿ ಒಬ್ಬನಾದರೂ ಸಿಗುವುದು ಸುಮಾರು ಶೇ 55. ಆಯುಧ ಎನ್ನುವಂಥ ಕಾರ್ಡು ನಾಲ್ಕಿದ್ದರೆ ಶೇ 81, ಆರಿದ್ದರೆ ಶೇ 93. ಕೊಳ್ಳುವಾಗ ಎದುರಿಗೆ ಕಾಣುವುದು ಒಂದು ಕಾರ್ಡು. ಆಡುವಾಗ ಅದು ಮೂವತ್ತಮೂರರ ನಡುವೆ ಎಲ್ಲೋ ಹುದುಗಿರುತ್ತದೆ.

ಪಕ್ಕದಲ್ಲಿ ಕೂತವರು

ಇಲ್ಲಿಯವರೆಗಿನ ಲೆಕ್ಕ ಒಬ್ಬರೇ ಆಡಿದರೂ ನಡೆಯುತ್ತದೆ. ಸಹಕಾರದ ಆಟದ ಸೊಗಸು ಇನ್ನೊಂದು ನಿಯಮದಲ್ಲಿದೆ. ಶತ್ರುವೊಂದು ಗೆಳೆಯನ ಮೇಲೆ ಬಿದ್ದಿರುವಾಗ ನಾನು ಅದಕ್ಕೆ ಹೊಡೆಯಹೋಗಿ ತಪ್ಪಿದರೆ, ಆ ಪೆಟ್ಟು ಗೆಳೆಯನಿಗೇ ಬೀಳುತ್ತದೆ. ಒಬ್ಬರೇ ಆಡುವಾಗ ತಪ್ಪಿದ ಹೊಡೆತ ಸಾಮಾನ್ಯವಾಗಿ ಒಂದು ಆಕ್ಷನ್ ನಷ್ಟ. ಇಬ್ಬರಿದ್ದಾಗ ಅದು ಗಾಯ. ಶೇ 62 ಮತ್ತು ಶೇ 81ರ ಅಂತರಕ್ಕೆ ಆಗ ಬೇರೆಯದೇ ತೂಕ. ಚೀಲಕ್ಕೆ ಕೈಹಾಕದೆ ಪೆಟ್ಟು ಕೊಡುವ ಬೀಟ್ ಕಾಪ್ ಇಲ್ಲಿ ಚಿನ್ನ.

ಮೂಲ ಪೆಟ್ಟಿಗೆಯ ‘ಮಚೆಟಿ’ ಕತ್ತಿಯನ್ನು ನೋಡಿ. ಮೂರು ರಿಸೋರ್ಸ್, +1 ಶಕ್ತಿ, ಗುಂಡು ಮುಗಿಯುವ ಚಿಂತೆ ಇಲ್ಲ. ಒಬ್ಬರೇ ಆಡುವವರಿಗೆ ಅದರಷ್ಟು ಒಳ್ಳೆಯ ಆಯುಧ ಆ ಪೆಟ್ಟಿಗೆಯಲ್ಲಿಲ್ಲ. ಆದರೆ ಅದರ ಹೆಚ್ಚುವರಿ ಪೆಟ್ಟು ಸಿಗುವುದು, ಹೊಡೆಯುತ್ತಿರುವ ಶತ್ರು ನಮ್ಮ ಮೈಮೇಲೆ ಬಿದ್ದಿರುವ ಒಂದೇ ಶತ್ರುವಾಗಿದ್ದಾಗ ಮಾತ್ರ. ಗೆಳೆಯನ ಮೇಲೆ ಬಿದ್ದದ್ದನ್ನು ಹೊಡೆಯಬೇಕೆಂದರೆ ಮೊದಲು ಒಂದು ಆಕ್ಷನ್ ಕೊಟ್ಟು ಅದನ್ನು ನಮ್ಮತ್ತ ಎಳೆದುಕೊಳ್ಳಬೇಕು. ಪಿಸ್ತೂಲಿಗೆ ಈ ಷರತ್ತು ಇಲ್ಲ, ಅದರ ಕೊರತೆ ಗುಂಡು. ಒಂದು ಅಂಕದ ಎಕ್ಸ್‌ಟ್ರಾ ಅಮ್ಯುನಿಷನ್ ಮೂರು ಗುಂಡು ತುಂಬುತ್ತದೆ, ಅದೂ ಅದೇ ಜಾಗದಲ್ಲಿರುವ ಯಾರ ಬಂದೂಕಿಗಾದರೂ. ಜನ ಹೆಚ್ಚಾದಷ್ಟು ಮಚೆಟಿ ಇಳಿಯುತ್ತದೆ, ಪಿಸ್ತೂಲು ಏರುತ್ತದೆ. ಕಾರ್ಡಿನ ಮೇಲಿನ ಅಕ್ಷರ ಒಂದೂ ಬದಲಾಗಿಲ್ಲ.

ಗ್ರಂಥಪಾಲಕಿ ಡೇಯ್ಸಿ ವಾಕರ್ ಜೊತೆಗಿದ್ದಾಳೆ ಎನ್ನಿ. ಅವಳ ಬುದ್ಧಿಶಕ್ತಿ 5, ಕಾದಾಟ 2. ಅವಳ ಡೆಕ್‌ಗೆ ಆಯುಧ ತುರುಕುವುದು ವ್ಯರ್ಥ. ಅದೇ ಜಾಗದಲ್ಲಿದ್ದಾಗ ರೋಲೆಂಡನ ಪರೀಕ್ಷೆಗೆ ತನ್ನ ಕೈಯಿಂದ ಒಂದು ಕಾರ್ಡು ಸೇರಿಸಿ ಶಕ್ತಿ ತುಂಬುವ ಹಕ್ಕು ಅವಳಿಗಿದೆ. ಹೀಗಾಗಿ ಡೇಯ್ಸಿ ಆಡುವವರು ಕಾರ್ಡಿನ ಅಂಚಿನ ಚಿಹ್ನೆಗಳನ್ನು ಗೆಳೆಯನ ಕಣ್ಣಿನಿಂದಲೂ ಓದಬೇಕು. ಎರಡು ‘ಯಾವುದಕ್ಕೂ ಸಲ್ಲುವ’ ಚಿಹ್ನೆಗಳಿರುವ ‘ಅನ್‌ಎಕ್ಸ್‌ಪೆಕ್ಟೆಡ್ ಕರೇಜ್’ ಅವಳ ಕೈಯಲ್ಲಿದ್ದರೆ, ಅದು ರೋಲೆಂಡನ ಎರಡು +1ಗಳೇ.

ಕಾಲದ ಒತ್ತಡವೂ ಇದೆ. ಒಂದು ಜಾಗದಲ್ಲಿ ಸಿಗಬೇಕಾದ ಸುಳಿವುಗಳು ಸಾಮಾನ್ಯವಾಗಿ ಆಟಗಾರರ ಸಂಖ್ಯೆಗೆ ತಕ್ಕಂತೆ ಹೆಚ್ಚುತ್ತವೆ. ಸುತ್ತಿಗೊಂದರಂತೆ ಏರುವ ವಿನಾಶದ ಎಣಿಕೆಯ ಮಿತಿ ಮಾತ್ರ ಎಷ್ಟು ಜನರಿದ್ದರೂ ಅಷ್ಟೇ. ಎಲ್ಲರೂ ಎಲ್ಲ ಕೆಲಸಕ್ಕೆ ಕೈಹಾಕಿದರೆ ಹೊತ್ತು ಸಾಲುವುದಿಲ್ಲ. ಸುಳಿವು ಹುಡುಕುವವಳು ಕಾದಾಟಕ್ಕೆ ತಿರುಗದ ಹಾಗೆ ನೋಡಿಕೊಳ್ಳುವುದೇ ಕಾದಾಡುವವನ ಡೆಕ್‌ನ ಕೆಲಸ. ಕೆಲಸದ ಈ ಹಂಚಿಕೆ ಅಂಕಗಳಿಗೂ ಮುಟ್ಟುತ್ತದೆ. ಮೊದಲ ಅಧ್ಯಾಯದ ಅಟ್ಟ ಮತ್ತು ನೆಲಮಾಳಿಗೆಯಲ್ಲಿ ಸುಳಿವುಗಳನ್ನು ಪೂರ್ತಿ ಬಾಚಿದರೆ ತಲಾ ಒಂದು ಅಂಕ, ಘೂಲ್ ಪ್ರೀಸ್ಟ್‌ನನ್ನು ಕೊಂದರೆ ಎರಡು. ಯಾರು ಬಾಚಿದರು, ಯಾರು ಕೊಂದರು ಎಂಬ ಭೇದವಿಲ್ಲದೆ ಅವು ಎಲ್ಲರಿಗೂ ಸಿಗುತ್ತವೆ.

ಸಹಕಾರ ಎಂದಕೂಡಲೇ ಹೊಸಬರು ಹುಡುಕುವುದು ಮದ್ದು. ‘ಫಸ್ಟ್ ಏಡ್’ ಕಾರ್ಡು ಗೆಳೆಯನ ಗಾಯ ಮಾಯಿಸುತ್ತದೆ, ಅದರ ಹಿಂದಿನ ಮನಸ್ಸು ದೊಡ್ಡದು. ಇಳಿಸಲು ಒಂದು ಆಕ್ಷನ್ ಮತ್ತು ಎರಡು ರಿಸೋರ್ಸ್, ಆಮೇಲೆ ಪ್ರತಿ ಗಾಯಕ್ಕೂ ಒಂದು ಆಕ್ಷನ್. ಮೂರು ಗಾಯಕ್ಕೆ ನಾಲ್ಕು ಆಕ್ಷನ್, ಎಂದರೆ ಒಂದು ಇಡೀ ಸುತ್ತಿಗಿಂತ ಹೆಚ್ಚು. ಅಷ್ಟರಲ್ಲಿ ಗಾಯ ಮಾಡುವ ಶತ್ರುವನ್ನೇ ಮುಗಿಸಬಹುದಿತ್ತು.

ಆಚೆ ಹೋಗುವ ಕಾರ್ಡು

ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು, ಮೂವತ್ತರ ಮಿತಿ ಮೀರುವಂತಿಲ್ಲ. ಈ ಅರ್ಧದ ಬಗ್ಗೆ ಯೋಚಿಸುವವರು ಕಡಿಮೆ. ‘ಮ್ಯಾಗ್ನಿಫೈಯಿಂಗ್ ಗ್ಲಾಸ್’ನ ಸೊನ್ನೆ ದರ್ಜೆಗೆ ಒಂದು ರಿಸೋರ್ಸ್ ಬೆಲೆ, ಒಂದನೇ ದರ್ಜೆಯದು ಪುಕ್ಕಟೆ. ಎರಡೂ ಕೊಡುವುದು ಬುದ್ಧಿಗೆ ಅದೇ +1. ಒಂದನೇ ದರ್ಜೆಯದನ್ನು ಸುಳಿವು ಮುಗಿದ ಜಾಗದಲ್ಲಿ ಕೈಗೆ ವಾಪಸು ಪಡೆಯಬಹುದು, ಅಷ್ಟೆ. ಚೆನ್ನಾಗಿದ್ದ ಕಾರ್ಡನ್ನು ಇನ್ನಷ್ಟು ಚೆನ್ನಾಗಿಸಲು ಅಂಕ ಹೋಯಿತು, ಡೆಕ್‌ನ ಅತಿ ಕೆಟ್ಟ ಕಾರ್ಡು ಅಲ್ಲೇ ಉಳಿಯಿತು. ಅದೇ ಒಂದು ಅಂಕಕ್ಕೆ ಕೆಲಸಕ್ಕೆ ಬಾರದ ಸೊನ್ನೆ ದರ್ಜೆಯ ಕಾರ್ಡನ್ನು ಕಿತ್ತು ಇನ್ನೊಂದು ಸೊನ್ನೆ ದರ್ಜೆಯದನ್ನು ಹಾಕಬಹುದಿತ್ತು. ನನಗೆ ಅದು ಹೆಚ್ಚಿನ ಲಾಭ.

ಬೆಲೆಗಳನ್ನು ಬರೆದವರೂ ಮತ್ತೆ ಯೋಚಿಸಿದ್ದಾರೆ. 2019ರಲ್ಲಿ ಪ್ರಕಾಶಕರು ‘ಟಬೂ’ ಪಟ್ಟಿ ಹೊರಡಿಸಿ, ಎಲ್ಲ ಡೆಕ್‌ಗಳಿಗೂ ನುಗ್ಗುತ್ತಿದ್ದ ಕೆಲವು ಕಾರ್ಡುಗಳ ಅಂಕ ಏರಿಸಿದರು, ಮೂಲೆ ಸೇರಿದ್ದ ಕೆಲವಕ್ಕೆ ಇಳಿಸಿದರು. ಪಾಲಿಸುವುದು ಆಟಗಾರರ ಇಷ್ಟ. ನಾನು ಪಾಲಿಸುವ ಪಕ್ಷ. ಎಲ್ಲರ ಡೆಕ್‌ನಲ್ಲೂ ಅದೇ ಹತ್ತು ಕಾರ್ಡು ಕಂಡರೆ ಆಯ್ಕೆಗೆ ಜಾಗವೆಲ್ಲಿ?

ಕೊನೆಗೆ, ಯಾವಾಗ ಕೊಳ್ಳಬೇಕು ಎಂಬುದು. ಮೂಲ ಪೆಟ್ಟಿಗೆಯ ಕಥೆಗೆ ಮೂರೇ ಅಧ್ಯಾಯ, ಕೊಳ್ಳಲು ಎರಡೇ ಬಿಡುವು. ಡನ್ವಿಚ್ ಎಂಬ ಇನ್ನೊಂದು ಕಥಾಸರಣಿಗೆ ಎಂಟು ಅಧ್ಯಾಯ. ಆ ಸರಣಿಯಲ್ಲಿ ಬಂದ ‘ಕರಿಸ್ಮಾ’ ಮೂರು ಅಂಕದ ಕಾರ್ಡು. ಮೂವತ್ತರ ಲೆಕ್ಕಕ್ಕೆ ಸೇರದೆ, ಆಟದ ಆರಂಭದಿಂದಲೇ ಮೇಜಿನ ಮೇಲಿದ್ದು, ಒಬ್ಬರ ಬದಲು ಇಬ್ಬರು ಸಹಚರರನ್ನು ಇಟ್ಟುಕೊಳ್ಳಲು ಬಿಡುತ್ತದೆ. ಇಬ್ಬರು ಬೀಟ್ ಕಾಪ್‌ಗಳೂ ಒಟ್ಟಿಗೆ ನಿಲ್ಲಬಹುದು. ಮೊದಲ ಬಿಡುವಿನಲ್ಲಿ ಕೊಂಡರೆ ಅದು ಏಳು ಅಧ್ಯಾಯ ದುಡಿಯುತ್ತದೆ, ಕೊನೆಯ ಬಿಡುವಿನಲ್ಲಿ ಕೊಂಡರೆ ಒಂದೇ. ಉಳಿದ ಅಂಕ ಮುಂದಿನ ಬಿಡುವಿಗೆ ಸಾಗುತ್ತದೆ, ಕೊನೆಯ ಅಧ್ಯಾಯದ ಆಚೆಗೆ ಅದಕ್ಕೆ ಬೆಲೆಯಿಲ್ಲ. ಆ ಕೊನೆಯ ಬಿಡುವಿನಲ್ಲಿ, ಸಣ್ಣ ಪುಟ್ಟ ತೂತುಗಳೆಲ್ಲ ಮುಚ್ಚಿದ ಮೇಲೆ, ಒಂದೇ ದೈತ್ಯ ಶತ್ರು ಎದುರಿಗಿದೆ ಎಂದು ಗೊತ್ತಿರುವಾಗ, ಐದು ಅಂಕದ ಭಾರೀ ಬಂದೂಕು ಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ.