ಕೊರೋನಾ ಹೋದ ಮೇಲೆ ಉಳಿದ ದಣಿವು

“ಕೊರೋನಾ ಹೋಗಿ ಎಷ್ಟು ವರ್ಷಾತು, ಇನ್ನೂ ಅದರದ್ದೇನು ಪುರಾಣ?” ಎಂದು ನಮ್ಮ ರೋಣದಲ್ಲಿ ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ. ಹೋಗಿದ್ದು ನಿಜ. ಆದರೆ ಕೆಲವರ ಮೈಯಿಂದ ಅದು ಪೂರ್ತಿ ಹೋಗಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ರಾತ್ರಿಯೆಲ್ಲ ಮಲಗಿ ಎದ್ದರೂ ಇಳಿಯದ ದಣಿವು, ಎದುರಿಗೆ ನಿಂತ ಬೀಗರ ಹೆಸರೇ ನೆನಪಿಗೆ ಬಾರದಿರುವುದು. ಇದಕ್ಕೆ ಲಾಂಗ್ ಕೋವಿಡ್ ಎನ್ನುತ್ತಾರೆ. ಸೋಂಕು ತಗುಲಿ ಮೂರು ತಿಂಗಳ ಹೊತ್ತಿಗೆ ಇರುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಯಾವ ಕಾಯಿಲೆಯಿಂದಲೂ ಬಂದದ್ದಲ್ಲದ ತೊಂದರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಇದನ್ನು ವಿವರಿಸಿತು.

ಮಕ್ಕಳೇ, ಒಂದು ಸೋಜಿಗ ಕೇಳಿ. ಈ ರೋಗಕ್ಕೆ ಹೆಸರಿಟ್ಟವರು ಡಾಕ್ಟರಲ್ಲ. ಎಲೀಸಾ ಪೆರೆಗೊ ಎಂಬ ಇಟಲಿಯ ಪುರಾತತ್ವ ಸಂಶೋಧಕಿ ತಮಗೇ ಬಂದ ಕಾಯಿಲೆ ವಾಸಿಯಾಗದೆ ಕಾಡಿದಾಗ 2020ರ ಮೇ ತಿಂಗಳಲ್ಲಿ ಆ ಪದ ಬಳಸಿದರು. ಆಮೇಲೆ ರೋಗಿಗಳೇ ಗುಂಪು ಕಟ್ಟಿಕೊಂಡು 56 ದೇಶಗಳ 3,762 ಜನರಿಂದ ಮಾಹಿತಿ ಕೂಡಿಸಿ, 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆರು ತಿಂಗಳಾದ ಮೇಲೂ ಹೆಚ್ಚಾಗಿ ಉಳಿದಿದ್ದು ಬಳಲಿಕೆ, ದುಡಿದ ಮೇಲೆ ಕುಸಿದುಬೀಳುವ ಸ್ಥಿತಿ ಮತ್ತು ಬುದ್ಧಿಯ ಮಂಕು ಎಂದು ಅದರಲ್ಲಿ ಕಂಡುಬಂತು. ಆದ್ದರಿಂದ ರೋಗಿ ತನ್ನ ಕಾಯಿಲೆಯ ಬಗ್ಗೆ ತಾನೇ ಶೋಧನೆ ಮಾಡುತ್ತೇನೆ ಎಂದರೆ ನಗಬೇಕಾಗಿಲ್ಲ. ಆದರೆ ಬರೆದಿಟ್ಟು ನೋಡುವುದು ಬೇರೆ, ವಾಟ್ಸಾಪಿನಲ್ಲಿ ಬಂದಿದ್ದನ್ನೆಲ್ಲ ನುಂಗಿ ನೋಡುವುದು ಬೇರೆ.

ನನಗೆ ಸೋಂಕು ತಗುಲಿದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯೊಳಗೆ. ಜ್ವರ ಒಂಬತ್ತು ದಿನಕ್ಕೆ ಬಿಟ್ಟಿತು. ದಣಿವು ಮಾತ್ರ ಬಿಡಲಿಲ್ಲ. ಒಂದು ಕಡೆ ತೋರಿಸಿದರೆ “ವಯಸ್ಸಾತಲ್ರೀ” ಎಂದು ಕಳಿಸಿದರು. ಆಗ ನಾನು ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಮಾಡಿದ ಕೆಲಸವನ್ನೇ ಮಾಡಿದೆ. ಉದ್ದ ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಖು, ನಿದ್ದೆ, ಊಟ, ಮಾಡಿದ ಕೆಲಸ, ನಾಡಿ, ಆಕ್ಸಿಮೀಟರಿನ ಅಂಕಿ, ಕೊನೆಯಲ್ಲಿ ದಣಿವಿಗೆ ಸೊನ್ನೆಯಿಂದ ಐದರವರೆಗೆ ಅಂಕ. ದಿನಕ್ಕೆ ಒಂದೇ ಸಾಲು. ಹೆಚ್ಚು ಬರೆಯಹೋದರೆ ಬರೆಯುವುದೇ ದಣಿವು!

ಏಳನೆಯ ವಾರಕ್ಕೆ ಸಾಲುಗಳನ್ನು ಹೋಲಿಸಿದಾಗ ಒಂದು ಸಂಗತಿ ಎದ್ದು ಕಂಡಿತು. ಸಂತೆಗೆ ಹೋಗಿ ಚೀಲ ಹೊತ್ತು ತಂದ ದಿನ ದಣಿವಿನ ಅಂಕ ಎರಡೇ. ಮರುದಿನ ಮೂರು. ಅದರ ಮರುದಿನ ಐದು, ಹಾಸಿಗೆಯಿಂದ ಏಳಲಾಗದ ದಿನ. ಅಂಥ ಐದರ ಹಿಂದೆ ಎರಡು ದಿನ ಎಣಿಸಿದರೆ ಪ್ರತಿಸಲವೂ ಒಂದು ದೊಡ್ಡ ಕೆಲಸ ಸಿಗುತ್ತಿತ್ತು. ಖರ್ಚು ಸೋಮವಾರ, ಬಡ್ಡಿ ಬುಧವಾರ. ಬರೆದಿಡದಿದ್ದರೆ ಬುಧವಾರದ ಊಟಕ್ಕೋ ಹವೆಗೋ ತಪ್ಪು ಹೊರಿಸುತ್ತಿದ್ದೆವು. ವೈದ್ಯರೂ ಇದನ್ನೇ ಹೇಳುತ್ತಾರೆ: ಇಂಥ ಕುಸಿತ ಕೆಲಸದ ಮರುದಿನವೋ ಎರಡು ಮೂರು ದಿನ ಬಿಟ್ಟೋ ಬರಬಹುದು, ಹಟಕ್ಕೆ ಬಿದ್ದು ವ್ಯಾಯಾಮ ಮಾಡಿದರೆ ಇಂಥವರಿಗೆ ಹೆಚ್ಚಾಗುತ್ತದೆ. ಕೆಲಸವನ್ನು ತುಂಡು ಮಾಡಿ, ಸುಸ್ತಾಗುವ ಮೊದಲೇ ಕೂರಬೇಕು. ಸ್ನಾನ ಸ್ಟೂಲಿನ ಮೇಲೆ ಕೂತು, ಕಾಯಿಪಲ್ಯ ಹೆಚ್ಚುವುದು ಕೂತು, ಎರಡು ಕೆಲಸದ ನಡುವೆ ಅರ್ಧ ತಾಸು ಸುಮ್ಮನೆ ಮಲಗುವುದು.

ಇದು ಮನೆಯಲ್ಲಿ ಮೊದಲು ತಿಳಿದದ್ದು ಮೊಮ್ಮಗನಿಗೆ. ಸಾಲಿಯಿಂದ ಬಂದವನೇ “ಅಜ್ಜಾ, ಇವತ್ತ ನಿನ್ನ ಶಿಲ್ಕು ಎಷ್ಟೈತಿ?” ಎಂದು ಕೇಳುತ್ತಿದ್ದ. ಕಡಿಮೆ ಎಂದರೆ ಕ್ರಿಕೆಟ್ ಇಲ್ಲ, ಚೌಕಾಬಾರ. ನಿಮ್ಮ ಅಜ್ಜ ಅಜ್ಜಿ ಯಾವಾಗಲೂ ಮಲಗಿರುತ್ತಾರೆ ಎಂದು ಕಂಡರೆ ನೀವೂ ಹೀಗೆ ಕೇಳಿ ನೋಡಿ.

ಆ ಪುಸ್ತಕ ಹಿಡಿದು ಇನ್ನೊಬ್ಬ ವೈದ್ಯೆಯ ಬಳಿ ಹೋದೆ. ಅವರು ಎರಡು ಪುಟ ತಿರುವಿದ ಕೂಡಲೇ ರಕ್ತ ಪರೀಕ್ಷೆ ಬರೆದರು: ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಕಿಡ್ನಿ, ವಿಟಮಿನ್ ಬಿ12, ಜೊತೆಗೆ ಇಸಿಜಿ. ರಕ್ತಹೀನತೆಯೂ ಥೈರಾಯ್ಡೂ ಲಾಂಗ್ ಕೋವಿಡ್ಡಿನ ವೇಷ ಹಾಕಿಕೊಂಡು ಬರುತ್ತವೆ. ಅವನ್ನು ತೆಗೆದುಹಾಕದೆ ಎಲ್ಲವನ್ನೂ ಕೊರೋನಾದ ಖಾತೆಗೆ ಹಾಕುವುದು ಅಪಾಯ. ನನ್ನ ಬಿ12 ಕಡಿಮೆ ಇತ್ತು. ಈ ವಿಟಮಿನ್ ಸೊಪ್ಪು ಕಾಳುಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಇದು ಇನ್ನೂ ಇಳಿಯುತ್ತದೆ. ನಾನು ಸಸ್ಯಾಹಾರಿ, ಹನ್ನೆರಡು ವರ್ಷದಿಂದ ಆ ಗುಳಿಗೆ ಬೇರೆ. ಬಿ12 ಶುರುವಾದ ಮೇಲೆ ಅಂಗಾಲಿನ ಜುಮು ಜುಮು ತಿಂಗಳೊಪ್ಪತ್ತಿನಲ್ಲಿ ಕಡಿಮೆಯಾಯಿತು. ದಣಿವು ಸ್ವಲ್ಪವೇ ಇಳಿಯಿತು. ಉಳಿದದ್ದು ಲಾಂಗ್ ಕೋವಿಡ್ಡಿನ ಪಾಲು.

ಊಟದ ಮಾತಿಗೆ ಬಂದರೆ, ಇದನ್ನು ವಾಸಿ ಮಾಡುತ್ತದೆ ಎಂದು ಸಾಬೀತಾದ ಪಥ್ಯ ಯಾವುದೂ ಇಲ್ಲ. ಇದೆ ಎನ್ನುವವರು ಏನನ್ನೋ ಮಾರುತ್ತಿರುತ್ತಾರೆ. ಆದರೆ ಕಾಯಿಲೆ ಬಿದ್ದ ಹಿರಿಯರ ಮೈಮಾಂಸ ಕರಗುತ್ತದೆ, ಅದಕ್ಕೆ ಪ್ರೋಟೀನ್ ಬೇಕು. ನಮ್ಮ ಎರೆಭೂಮಿಯಲ್ಲಿ ಅದಕ್ಕೇನು ಬರ? ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ನೂರು ಗ್ರಾಂ ಹೆಸರುಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಜೋಳದಲ್ಲಿ 10ರ ಆಸುಪಾಸು. ರೊಟ್ಟಿ, ಮೊಳಕೆ ಹೆಸರಿನ ಪಲ್ಯ, ಅಗಸಿ ಚಟ್ನಿ, ಗುರೆಳ್ಳು ಹಿಂಡಿ, ಒಂದು ಬಟ್ಟಲು ಮೊಸರು ಇದ್ದರೆ ಡಬ್ಬಿಯ ಪುಡಿಗೆ ಸಾವಿರ ರೂಪಾಯಿ ಯಾಕೆ ಕೊಡಬೇಕು? ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಬೇಕು. ಊಟದ ಜೊತೆಗೇ ಚಹಾ ಕುಡಿಯುವುದನ್ನು ನಾನು ಬಿಟ್ಟೆ, ಅದು ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುತ್ತದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಭಾರಿ ಊಟದ ಬದಲು ಸ್ವಲ್ಪ ಸ್ವಲ್ಪ ನಾಲ್ಕು ಸಲ ಉಂಡರೆ ಮಧ್ಯಾಹ್ನದ ಮಂಪರು ಕಡಿಮೆ ಎಂದು ನನ್ನ ಪುಸ್ತಕ ಹೇಳುತ್ತದೆ. ನಿಮ್ಮದು ಬೇರೆ ಹೇಳಬಹುದು. ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದೇ, ಕನಿಷ್ಠ ಎರಡು ವಾರ. ಮೂರು ಒಟ್ಟಿಗೆ ಬದಲಾಯಿಸಿದರೆ ಗುಣ ಕೊಟ್ಟಿದ್ದು ಯಾವುದು ಎಂದು ಯಾವ ಆಡಿಟರೂ ಹೇಳಲಾರ.

ಗುಳಿಗೆಗಳ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ನರಗುಂದದ ನನ್ನ ಗೆಳೆಯರೊಬ್ಬರು ವಿಟಮಿನ್ ಡಿ ಗುಳಿಗೆಯನ್ನು ದಿನಾ ಒಂದರಂತೆ ನುಂಗುತ್ತಿದ್ದರು. ಅದು 60,000 ಯೂನಿಟ್ಟಿನದು, ವಾರಕ್ಕೊಂದರಂತೆ ಕೆಲವು ವಾರ ಕೊಡುವಂಥದು. ನಮ್ಮ ವಯಸ್ಸಿನವರಿಗೆ ದಿನಕ್ಕೆ ಬೇಕಾದದ್ದು 600ರಿಂದ 800 ಯೂನಿಟ್. “ವಿಟಮಿನ್ ಅಲ್ಲೇನ್ರೀ, ಏನ್ ಮಾಡ್ತೈತಿ?” ಎನ್ನುತ್ತಿದ್ದರು. ಮಾಡಿತು. ವಾಂತಿ, ಮಲಬದ್ಧತೆ, ತಡೆಯಲಾರದ ಬಾಯಾರಿಕೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬಂದರು. ಸತುವಿನ ಗುಳಿಗೆ ತಿಂಗಳುಗಟ್ಟಲೆ ತಿಂದರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ. ವಿಟಮಿನ್ ಸಿ ಅತಿಯಾದರೆ ಕಿಡ್ನಿಯಲ್ಲಿ ಹರಳು ಆಗಬಹುದು. ಅಶ್ವಗಂಧದಿಂದ ಕೆಲವರ ಯಕೃತ್ತಿಗೆ ತೊಂದರೆಯಾದದ್ದು ದಾಖಲಾಗಿದೆ. ಉಪ್ಪು ನೀರು ಹೆಚ್ಚು ಕುಡಿಯಿರಿ ಎಂಬ ಸಲಹೆಯೂ ಓಡಾಡುತ್ತಿದೆ. ನಿಂತರೆ ನಾಡಿ ವಿಪರೀತ ಏರುವ ಕೆಲವರಿಗೆ ವೈದ್ಯರು ಹೇಳುವಂಥದು ಅದು. ಬಿಪಿ ಇರುವ ಮುದುಕರು ಅದನ್ನು ಅನುಸರಿಸಿದರೆ ಗತಿಯೇನು? ನೀವು ನುಂಗುವುದೆಲ್ಲದರ ಪಟ್ಟಿ, ಕಷಾಯವೂ ಸೇರಿ, ಡಾಕ್ಟರಿಗೆ ತೋರಿಸಿ. ಮಕ್ಕಳೇ, ಅಕ್ಷರ ಚಿಕ್ಕದು, ಚೀಟಿಯ ಮೇಲಿನ ಅಂಕಿಯನ್ನು ಅಜ್ಜಿಗೆ ನೀವೇ ಓದಿ ಹೇಳಿ.

ನನ್ನಾಕೆಗೆ ಬಂದ ತೊಂದರೆ ಬೇರೆ. ವಾಸನೆ ಹೋಯಿತು. ಹಾಲು ಸೀದರೂ ಗೊತ್ತಾಗದು, ಗ್ಯಾಸ್ ಸೋರಿದರೆ ದೇವರೇ ಗತಿ. ಇದಕ್ಕೆ ಗುಳಿಗೆ ಬೇಡದ ಒಂದು ಅಭ್ಯಾಸವಿದೆ. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನು ಹತ್ತಿಪ್ಪತ್ತು ಸೆಕೆಂಡು, ಆ ವಾಸನೆ ನೆನೆಸಿಕೊಳ್ಳುತ್ತ ಮೂಸುವುದು. ಕನಿಷ್ಠ 12 ವಾರ. ಎಲ್ಲರಿಗೂ ಫಲ ಸಿಗುವುದಿಲ್ಲ, ಹಾನಿಯಂತೂ ಇಲ್ಲ. ಮೊಮ್ಮಗಳು ಅಜ್ಜಿಯ ಕಣ್ಣು ಕಟ್ಟಿ ಡಬ್ಬಿ ಹಿಡಿಯುತ್ತಿದ್ದಳು. ಹತ್ತನೆಯ ವಾರ “ಇದು ಲವಂಗ ಐತೆವ್ವ” ಎಂದಾಗ ಮಗು ಕುಣಿದ ಕುಣಿತ ನೋಡಬೇಕಿತ್ತು. ಇಂಗು ಇನ್ನೂ ಗೊತ್ತಾಗುವುದಿಲ್ಲ.

ಎದೆನೋವು, ಕೂತಲ್ಲೇ ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಇವು ಪುಸ್ತಕದಲ್ಲಿ ಬರೆದುಕೊಂಡು ಕೂರುವಂಥವಲ್ಲ. 108ಕ್ಕೆ ಫೋನ್ ಮಾಡಿ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸುತ್ತಿದ್ದರೂ ಅಂದೇ ವೈದ್ಯರನ್ನು ಕಾಣಿ.

ನನ್ನ ಪುಸ್ತಕ ಈಗ ನಾಲ್ಕನೆಯದು. ಮೊದಲ ವರ್ಷ ತಿಂಗಳಿಗೆ ಏಳೆಂಟು ಸಲ ಬೀಳುತ್ತಿದ್ದ ಐದು ಈಗ ಒಂದೋ ಎರಡೋ. ಕಳೆದ ಶ್ರಾವಣದಲ್ಲಿ ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲು ಹತ್ತಿದೆ. ಹಿಂದಿನ ಮೂರು ದಿನ ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ. ಆರು ಕಡೆ ಕೂತೆ, ಪ್ರತಿ ಕಡೆ ಮೊಮ್ಮಗ ಕೈಗಡಿಯಾರ ನೋಡಿ ಐದು ನಿಮಿಷ ಆಗುವವರೆಗೆ ಏಳಲು ಬಿಡಲಿಲ್ಲ. ಮೂರನೆಯ ದಿನದ ಸಾಲಿನಲ್ಲಿ ದಣಿವಿನ ಅಂಕ ಮೂರು ಎಂದಿದೆ.