ಇಬ್ಬರ ಸ್ಕೋರೂ ಬಿದ್ದಿದ್ದಾಗ ಕಾರ್ ಲೋನ್: ಯಾರ ಹೆಸರಲ್ಲಿ ತಗೋಬೇಕು?

ಈ ಸಲ ದುಡ್ಡಿನ ಮಾತು, ಅದೂ ನಮ್ಮ ಮನೆಯದೇ ಲೆಕ್ಕ. ಹೇಳೋಕೆ ಸ್ವಲ್ಪ ಮುಜುಗರ ಇತ್ತು. ಹೆಂಡತಿ "ಹೇಳಿ, ಯಾರಿಗಾದ್ರೂ ಉಪಯೋಗ ಆಗಲಿ" ಅಂದಮೇಲೆ ಕ್ಯಾಮೆರಾ ಮುಂದೆ ಕೂತಿದೀನಿ.

ನಾವಿರೋದು ಪುಣೆಯ ವಾಕಡ್‌ನಲ್ಲಿ, ಊರು ಹಾವೇರಿ ಹತ್ತಿರ. ಮಗಳು ಹುಟ್ಟಿದ ಮೇಲೆ ಹಬ್ಬಕ್ಕೆ ಸ್ಲೀಪರ್ ಬಸ್ಸಲ್ಲಿ ಊರಿಗೆ ಹೋಗೋದು ಸಾಕಾಗಿ ಹೋಗಿತ್ತು. 2024ರ ಜುಲೈನಲ್ಲಿ ಒಂದು ಶನಿವಾರ ಕಾರ್ ಶೋರೂಮಿಗೆ ಹೋದ್ವಿ. ಇಬ್ಬರದೂ ಐಟಿ ಕೆಲಸ, ಲೋನ್ ಸಿಗೋದೇನು ದೊಡ್ಡ ವಿಷಯ ಅಂದ್ಕೊಂಡಿದ್ವಿ. ಅಲ್ಲಿದ್ದ ಫೈನಾನ್ಸ್ ಹುಡುಗ ಇಬ್ಬರ ಪ್ಯಾನ್ ನಂಬರ್ ಹಾಕಿ ನೋಡಿ, ದನಿ ಇಳಿಸಿ, "ಸರ್, ಬ್ಯಾಂಕಲ್ಲಿ ಕಷ್ಟ" ಅಂದ. ನನ್ನ ಸಿಬಿಲ್ ಸ್ಕೋರ್ 641, ಅವಳದು 688. ಈ ಸ್ಕೋರ್ 300ರಿಂದ 900ರ ತನಕ ಇರುತ್ತೆ, 750ರ ಮೇಲಿದ್ರೆ ಸಾಮಾನ್ಯವಾಗಿ ಬ್ಯಾಂಕಿನವರು ನಗುನಗುತ್ತಾ ಮಾತಾಡ್ತಾರೆ.

ಅವತ್ತು ಬೈಕಲ್ಲಿ ಮನೆಗೆ ಬರೋವಾಗ ಇಬ್ಬರೂ ಒಂದು ಮಾತೂ ಆಡಲಿಲ್ಲ.

ನನ್ನದು ಹೇಗೆ ಬಿತ್ತು ಅಂತ ಮೊದಲು ಹೇಳ್ತೀನಿ. 2023ರ ಶುರುವಲ್ಲಿ ನನ್ನ ಕೆಲಸ ಹೋಯ್ತು, ಐದು ತಿಂಗಳು ಮನೇಲಿದ್ದೆ. ಸಂಬಳ ಬರೋದು ನಿಂತಮೇಲೆ ಸ್ಯಾಲರಿ ಅಕೌಂಟ್ ಮಾಮೂಲಿ ಸೇವಿಂಗ್ಸ್ ಅಕೌಂಟ್ ಆಯ್ತು, ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಅದರಲ್ಲಿದ್ದ ಚೂರುಪಾರು ದುಡ್ಡೂ ಕಟ್ ಆಯ್ತು. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಹೋಗ್ತಿದ್ದದ್ದು ಹಳೇ ಕಂಪನಿಯ ಇಮೇಲ್‌ಗೆ, ಆ ಇಮೇಲ್ ನನ್ನ ಕೈಲಿರಲಿಲ್ಲ. ಬಾಕಿ ಬೆಳೆದು 1,42,000 ಆಯ್ತು. ಕೊನೆಗೆ ರಿಕವರಿಯವನು ಫೋನ್ ಮಾಡಿ, "85,000 ಕಟ್ಟಿ ಸರ್, ಅಕೌಂಟ್ ಕ್ಲೋಸ್" ಅಂದ. ದೇವರೇ ಫೋನ್ ಮಾಡಿದ ಹಾಗೆ ಅನ್ನಿಸ್ತು. ಕಟ್ಟಿದೆ.

ಆದ್ರೆ ಅವನು ಹೇಳಿದ 'ಕ್ಲೋಸ್' ಬೇರೆ, ರಿಪೋರ್ಟಲ್ಲಿರೋ 'ಕ್ಲೋಸ್ಡ್' ಬೇರೆ. ಪೂರ್ತಿ ಕಟ್ಟಿದ್ರೆ 'ಕ್ಲೋಸ್ಡ್'. ರಿಯಾಯಿತಿಲಿ ಮುಗಿಸ್ಕೊಂಡ್ರೆ 'ಸೆಟಲ್ಡ್'. ಸಾಲ ಕೊಡೋವ್ರು ಈ ಎರಡನೇದನ್ನ ಓದೋದು ಹೇಗೆ ಅಂದ್ರೆ, "ಈ ಮನುಷ್ಯ ಹಿಂದೆ ಒಬ್ಬರಿಗೆ ಪೂರ್ತಿ ದುಡ್ಡು ವಾಪಸ್ ಕೊಟ್ಟಿಲ್ಲ" ಅಂತ. ಕೈಲಿ ನಿಜವಾಗ್ಲೂ ಕಾಸಿಲ್ಲದಾಗ ಸೆಟಲ್‌ಮೆಂಟ್ ಮಾಡ್ಕೊಂಡವರನ್ನ ನಾನು ಬೈಯಲ್ಲ. ಆದ್ರೆ ಏನು ಮಾಡ್ಕೋತಿದೀವಿ ಅಂತ ಗೊತ್ತಿದ್ದು ಮಾಡ್ಕೋಬೇಕು.

ಅವಳ ಕಥೆ ಇನ್ನೂ ಬೇಜಾರಿಂದು. ಅವಳು ಜೀವನದಲ್ಲಿ ಒಂದು ಇಎಂಐ ತಪ್ಪಿಸಿದವಳಲ್ಲ. ತಮ್ಮನ ಬೈಕ್ ಲೋನಿಗೆ ಗ್ಯಾರಂಟರ್ ಅಂತ ಸೈನ್ ಹಾಕಿದ್ಲು, ಅಷ್ಟೇ. ಅವನು ನಾಲ್ಕು ಕಂತು ಬಿಟ್ಟಿದ್ದ. ನೋಟಿಸ್ ಹೋಗಿದ್ದು ಊರಿನ ವಿಳಾಸಕ್ಕೆ, ಅಲ್ಲಿ ಅದು ಟಿವಿ ಸ್ಟ್ಯಾಂಡ್ ಕೆಳಗೆ ಬಿದ್ದಿತ್ತು. ಗ್ಯಾರಂಟರ್ ಅಂದ್ರೆ ಬರೀ ಸಾಕ್ಷಿ ಅಂತ ನಮ್ಮ ಕಡೆ ಅಂದ್ಕೋತಾರೆ. ಅಲ್ಲ. ಆ ಸಾಲ ನಿಮ್ಮ ರಿಪೋರ್ಟಲ್ಲೂ 'ಗ್ಯಾರಂಟರ್' ಅನ್ನೋ ಹೆಸರಲ್ಲಿ ಕೂತಿರುತ್ತೆ, ಅದರ ಬಾಕಿಯ ಹೊಣೆ ನಿಮ್ಮ ಮೇಲೂ ಬರುತ್ತೆ.

ಆವತ್ತು ಶೋರೂಮಿನ ಹುಡುಗ ಒಂದು ದಾರಿ ತೋರಿಸಿದ್ದ. ಒಂದು ಫೈನಾನ್ಸ್ ಕಂಪನಿ 8 ಲಕ್ಷ ಕೊಡುತ್ತೆ, ಐದು ವರ್ಷ, ಬಡ್ಡಿ ಶೇಕಡಾ 13. ಇಎಂಐ 18,202 ರೂಪಾಯಿ. ಅದೇ 8 ಲಕ್ಷಕ್ಕೆ ಶೇಕಡಾ 9.5 ಆಗಿದ್ರೆ 16,801. ತಿಂಗಳಿಗೆ 1,401 ವ್ಯತ್ಯಾಸ, "ಏನು ಮಹಾ" ಅನ್ನಿಸುತ್ತೆ. 60 ತಿಂಗಳಿಗೆ ಲೆಕ್ಕ ಹಾಕಿ, 84,060 ರೂಪಾಯಿ. ಇದೇ ಲೆಕ್ಕ ಅಡುಗೆಮನೆ ಕ್ಯಾಲೆಂಡರ್ ಹಿಂದೆ ಬರೆದ್ಮೇಲೆ ಕಾಯೋಣ ಅಂತ ತೀರ್ಮಾನ ಆಯ್ತು.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಶೋರೂಮಲ್ಲಿ "ಸುಮ್ನೆ ಚೆಕ್ ಮಾಡೋಣ" ಅಂತ ನಿಮ್ಮ ಅರ್ಜಿನ ನಾಲ್ಕೈದು ಕಡೆ ಕಳಿಸೋದುಂಟು. ಒಂದೊಂದು ಕಡೆಯವರು ತೆಗೆದು ನೋಡಿದಾಗಲೂ ಅದು ಎನ್‌ಕ್ವೈರಿ ಅಂತ ದಾಖಲಾಗುತ್ತೆ, ಕಡಿಮೆ ದಿನದಲ್ಲಿ ತುಂಬಾ ಆದ್ರೆ ಸ್ಕೋರ್ ಇಳಿಯುತ್ತೆ. ನಿಮ್ಮ ರಿಪೋರ್ಟನ್ನ ನೀವೇ ನೋಡ್ಕೊಂಡ್ರೆ ಏನೂ ಆಗಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ನಾಲ್ಕೂ ಕಡೆಯಿಂದ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತೆ, ಅದು ರಿಸರ್ವ್ ಬ್ಯಾಂಕಿನ ನಿಯಮ.

ಹಾಗಾಗಿ ಗಂಡ ಹೆಂಡತಿ ಇಬ್ಬರೂ ಒಂದೇ ಟೇಬಲ್ ಮೇಲೆ ಎರಡು ರಿಪೋರ್ಟ್ ಇಟ್ಕೊಂಡು ಕೂರಿ. ಸ್ಕೋರ್ ನೋಡಬೇಡಿ, ಒಳಗಿನ ಸಾಲುಗಳನ್ನ ನೋಡಿ. ಪ್ರತಿ ಸಾಲದ ಕೆಳಗೆ ತಿಂಗಳ ಚೌಕಗಳಿರುತ್ತೆ, 36 ತಿಂಗಳದ್ದು. 000 ಅಂತಿದ್ರೆ ಸರಿಯಾಗಿ ಕಟ್ಟಿದೀರಿ. 030, 060 ಅಂತಿದ್ರೆ ಅಷ್ಟು ದಿನ ತಡ. ನನ್ನ ರಿಪೋರ್ಟಲ್ಲಿ ಹೈದರಾಬಾದಿನಲ್ಲಿದ್ದಾಗಿನ ಪಿಜಿ ವಿಳಾಸ ಇನ್ನೂ ಇತ್ತು. ಊರೂರು ಅಲೆಯೋ ನಮ್ಮಂಥವರು ಬ್ಯಾಂಕಿಗೆ ಹೊಸ ನಂಬರು, ಹೊಸ ವಿಳಾಸ ಕೊಡದೇ ಇರೋದ್ರಿಂದಲೇ ಅರ್ಧ ತೊಂದರೆ ಆಗೋದು. ನಿಮ್ಮದಲ್ಲದ ಸಾಲ ಇದ್ರೆ, ಕಟ್ಟಿದ್ದೂ ಬಾಕಿ ಅಂತಿದ್ರೆ, ದೂರು ಹಾಕಿ. 30 ದಿನದಲ್ಲಿ ಬಗೆಹರಿಸದೇ ಇದ್ರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು, 2024ರ ಏಪ್ರಿಲ್‌ನಿಂದ ಈ ನಿಯಮ ಇದೆ.

ನಾವು ಮೊದಲು ಮುಗಿಸಿದ್ದು ತಮ್ಮನ ಬಾಕಿ. ಅವನ ಹತ್ರ ಜಗಳ ಆಮೇಲೆ, ಕಂತು ಮೊದಲು. ಆಮೇಲೆ ನನ್ನ ಕಾರ್ಡಿನ ಬ್ಯಾಂಕಿಗೆ ಬರೆದು, ಬಿಟ್ಟಿದ್ದ 57,000 ಕಟ್ತೀನಿ, 'ಸೆಟಲ್ಡ್' ತೆಗೆದು 'ಕ್ಲೋಸ್ಡ್' ಮಾಡ್ತೀರಾ ಅಂತ ಕೇಳಿದೆ. ಲಿಖಿತವಾಗಿ ಒಪ್ಪಿದ ಮೇಲೇ ಕಟ್ಟಿ, ನೋ ಡ್ಯೂಸ್ ಸರ್ಟಿಫಿಕೇಟ್ ಇಸ್ಕೊಂಡೆ. ಮನ್ನಾ ಆದ ದುಡ್ಡು ಮತ್ತೆ ಯಾಕೆ ಕಟ್ಟಿದೆ ಅಂತ ನಮ್ಮಣ್ಣ ಇವತ್ತಿಗೂ ಬೈತಾನೆ. ತಡವಾಗಿ ಕಟ್ಟಿದ ತಿಂಗಳುಗಳು ಇದರಿಂದ ಅಳಿಸಿ ಹೋಗಲ್ಲ, ಅದು ಹಾಗೇ ಇರುತ್ತೆ. ಹೊಸ ಒಳ್ಳೇ ತಿಂಗಳುಗಳು ಅದರ ಮೇಲೆ ಕೂರಬೇಕು. ಅದಕ್ಕೆ ಅಂತ ಒಂದು ಎಫ್‌ಡಿ ಇಟ್ಟು, ಅದರ ಮೇಲೆ ಕೊಡೋ ಕ್ರೆಡಿಟ್ ಕಾರ್ಡ್ ತಗೊಂಡೆ. ಕರೆಂಟ್ ಬಿಲ್ಲು, ಮೊಬೈಲ್ ಬಿಲ್ಲು, ಲಿಮಿಟ್‌ನ ಕಾಲು ಭಾಗ ದಾಟದ ಹಾಗೆ ಬಳಸಿ, ಪೂರ್ತಿ ಕಟ್ತಾ ಬಂದೆ. ಹೆಂಡತಿಯ ಕಾರ್ಡಿಗೆ ಆ್ಯಡ್-ಆನ್ ತಗೊಂಡ್ರೆ ಸಾಕಲ್ವಾ ಅಂದ್ರೆ, ಆ ಕಾರ್ಡಿನ ಹೊಣೆ ಅವಳದು, ನಿಮ್ಮ ಸ್ಕೋರ್ ಕಟ್ಟೋಕೆ ಅದನ್ನ ನಂಬ್ಕೋಬೇಡಿ.

2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೊಮ್ಮೆ ಅಲ್ಲ, ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ಆಯ್ತು. ಅವಳ ಸ್ಕೋರ್ 2025ರ ಸೆಪ್ಟೆಂಬರ್ ಹೊತ್ತಿಗೆ 757ಕ್ಕೆ ಬಂತು. ನನ್ನದು 700 ದಾಟಿರಲಿಲ್ಲ.

ಈಗ ಮುಖ್ಯ ಪ್ರಶ್ನೆ. ಲೋನ್ ಯಾರ ಹೆಸರಲ್ಲಿ? ನಮ್ಮ ದೇಶದಲ್ಲಿ ಗಂಡ ಹೆಂಡತಿಗೆ ಸೇರಿ ಒಂದು ಸ್ಕೋರ್ ಅಂತ ಇಲ್ಲ. ಪ್ಯಾನ್ ಬೇರೆ, ರಿಪೋರ್ಟ್ ಬೇರೆ. ಮದುವೆ ಆದ ಮಾತ್ರಕ್ಕೆ ನನ್ನ 'ಸೆಟಲ್ಡ್' ಅವಳಿಗೆ ಅಂಟಲ್ಲ. ಅದು ಅಂಟೋದು ನಾನು ಅವಳ ಅರ್ಜಿಯಲ್ಲಿ ಸಹ-ಅರ್ಜಿದಾರ ಅಂತ ಸೈನ್ ಹಾಕಿದಾಗ. ಬ್ಯಾಂಕಿನಾಕೆ "ಇಬ್ಬರ ಸಂಬಳ ಸೇರಿಸಿದ್ರೆ 10 ಲಕ್ಷ ತನಕ ಬರುತ್ತೆ" ಅಂದ್ರು. ನಿಜ. ಆದ್ರೆ ಸಂಬಳ ಸೇರಿಸಿದ್ರೆ ನನ್ನ ರಿಪೋರ್ಟೂ ಸೇರ್ಕೊಳ್ಳುತ್ತೆ. ಬ್ಯಾಂಕಿಗೊಂದು ಲೆಕ್ಕ ಇರುತ್ತೆ, ಕೆಲವರು ಬಡ್ಡಿ ಜಾಸ್ತಿ ಮಾಡ್ತಾರೆ, ಕೆಲವರು ತಿರಸ್ಕರಿಸ್ತಾರೆ. ಮುಂದೆ ಒಂದು ಕಂತು ತಪ್ಪಿದ್ರೆ ಇಬ್ಬರ ರಿಪೋರ್ಟಲ್ಲೂ ತಪ್ಪುತ್ತೆ. ಆಗ ಮನೇಲಿ ಸಾಲ ಹುಟ್ಟಿಸೋಕೆ ಒಂದು ಒಳ್ಳೇ ಹೆಸರೂ ಉಳಿಯಲ್ಲ. ನನಗೆ ಹೆದರಿಕೆ ಇದ್ದದ್ದು ಅಲ್ಲೇ.

ಅವಳು ಒಂದೇ ಮಾತು ಕೇಳಿದ್ಲು. "ರೀ, ನಿಮ್ಮ ಕೆಲಸ ಮತ್ತೆ ಹೋದ್ರೆ ನನ್ನ ಸಂಬಳದಲ್ಲಿ ಇದು ನಡೀಬೇಕಲ್ವಾ?" ಅಲ್ಲಿಂದ ಲೆಕ್ಕ ತಿರುಗಾಮುರುಗಾ ಆಯ್ತು. ಕಾರ್ ಯಾವುದು ಅಂತ ನೋಡಿ ಲೋನ್ ಹುಡುಕೋ ಬದಲು, ಅವಳೊಬ್ಬಳ ಸಂಬಳದಲ್ಲಿ ಬಾಡಿಗೆ, ಮಗಳ ಡೇಕೇರ್, ಊರಿಗೆ ಕಳಿಸೋದು ಕಳೆದು ಎಷ್ಟು ಇಎಂಐ ತಡೆಯುತ್ತೆ ಅಂತ ನೋಡಿದ್ವಿ. 13,000 ಒಳಗೆ ಬಂತು. 6 ಲಕ್ಷ, ಐದು ವರ್ಷ, ಶೇಕಡಾ 9.5, ಇಎಂಐ 12,601. ಸನ್‌ರೂಫ್ ಇರೋ ಗಾಡಿ ಆಸೆ ಬಿಟ್ವಿ. ಕಾದ ಹದಿನೈದು ತಿಂಗಳಲ್ಲಿ ಕೂಡಿಟ್ಟದ್ದು ಡೌನ್ ಪೇಮೆಂಟಿಗೆ ಹೋಯ್ತು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದದ್ದು ನಮ್ಮ ಜಾಣತನ ಅಲ್ಲ, ಅದೃಷ್ಟ.

ಇದರಲ್ಲಿ ನನಗೆ ಒಂದು ನಷ್ಟ ಇದೆ, ಮುಚ್ಚಿಡಲ್ಲ. ಲೋನಲ್ಲಿ ನನ್ನ ಹೆಸರಿಲ್ಲ, ಹಾಗಾಗಿ ಅರವತ್ತು ಕಂತು ಸರಿಯಾಗಿ ಕಟ್ಟಿದ ಪುಣ್ಯ ಅವಳ ರಿಪೋರ್ಟಿಗೆ. ನನ್ನದು ಆ ಎಫ್‌ಡಿ ಕಾರ್ಡಲ್ಲೇ ನಿಧಾನವಾಗಿ ಏರಬೇಕು. ಗಾಡಿಯ ಆರ್‌ಸಿ, ಇನ್ಶೂರೆನ್ಸ್ ಎಲ್ಲಾ ಅವಳ ಹೆಸರಲ್ಲೇ. ಊರಲ್ಲಿ ದೊಡ್ಡಪ್ಪ "ಗಾಡಿ ಹೆಂಡ್ತಿ ಹೆಸರಲ್ಲಾ?" ಅಂತ ಕೇಳಿದ್ರು. ಹೌದು ಅಂದೆ. ಪ್ರತಿ ತಿಂಗಳು 3ನೇ ತಾರೀಕು ನನ್ನ ಅರ್ಧ ಅವಳ ಅಕೌಂಟಿಗೆ ಹಾಕ್ತೀನಿ, 5ಕ್ಕೆ ಇಎಂಐ ಕಟ್ ಆಗುತ್ತೆ. ಮೂರು ಕಂತಿನಷ್ಟು ದುಡ್ಡು ಆ ಅಕೌಂಟಲ್ಲಿ ಮುಟ್ಟದೇ ಇಟ್ಟಿದೀವಿ, ಅದು ಸ್ಯಾಲರಿ ಅಕೌಂಟ್ ಅಲ್ಲ, ಬೇರೆಯದು. ಯಾಕೆ ಅಂತ ಮೇಲೆ ಹೇಳಿದೀನಿ.

ಲೋನ್ ತೀರಿದ ದಿನ ಕೆಲಸ ಮುಗಿಯಲ್ಲ. ಬ್ಯಾಂಕಿಂದ ಎನ್‌ಒಸಿ ಮತ್ತೆ ಫಾರ್ಮ್ 35 ತಗೊಂಡು ಆರ್‌ಟಿಓದಲ್ಲಿ ಆರ್‌ಸಿ ಮೇಲಿನ ಹೈಪೊಥಿಕೇಶನ್ ತೆಗೆಸಬೇಕು, ಇಲ್ಲದಿದ್ರೆ ಗಾಡಿ ಮಾರೋವಾಗ ಒದ್ದಾಟ. ರಿಪೋರ್ಟಲ್ಲಿ 'ಕ್ಲೋಸ್ಡ್' ಅಂತ ಬಂದಿದೆಯಾ ಅಂತಲೂ ಒಮ್ಮೆ ನೋಡ್ಕೋಬೇಕು.

2025ರ ದೀಪಾವಳಿಗೆ ಅದೇ ಗಾಡೀಲಿ ಊರಿಗೆ ಹೋದ್ವಿ, ಕೊಲ್ಹಾಪುರದ ತನಕ ನಾನು, ಅಲ್ಲಿಂದ ಹಾವೇರಿಗೆ ಅವಳು ಓಡಿಸಿದ್ಲು. ಮಗಳು ಬೆಳಗಾವಿ ತನಕ ಮಲಗಿದ್ಲು.